ಅಣು ಸ್ಥಾವರದ ಹವಾಮಾನ ಗೋಪುರ: ಒರೆಸುವ ಮೊದಲು ಬರೆದುಕೊಳ್ಳಿ

ರಾಯಚೂರು, ಬಳ್ಳಾರಿ, ಕೊಪ್ಪಳ, ಈ ಮೂರು ಜಿಲ್ಲೆಗಳಲ್ಲಿ ಎಲ್ಲೂ ಅಣು ವಿದ್ಯುತ್ ಸ್ಥಾವರ ನಡೆಯುತ್ತಿಲ್ಲ. ರಾಜ್ಯದಲ್ಲಿ ಇರುವುದು ಒಂದೇ, ಉತ್ತರ ಕನ್ನಡದ ಕೈಗಾದಲ್ಲಿ. ಕಾಳಿ ನದಿಯ ದಂಡೆಯಲ್ಲಿ ತಲಾ 220 ಮೆಗಾವ್ಯಾಟ್‌ನ ನಾಲ್ಕು ಘಟಕಗಳು. ನಮ್ಮ ಕಡೆ ಇರುವುದು ಶಕ್ತಿನಗರ, ಯರಮರಸ್, ಕುಡತಿನಿಯ ಕಲ್ಲಿದ್ದಲು ಸ್ಥಾವರಗಳು. ಇಂಥ ಕಡೆ ಅಪ್ರೆಂಟಿಸ್ ಮುಗಿಸಿದ ಐಟಿಐ, ಡಿಪ್ಲೊಮಾ ಹುಡುಗ ಹುಡುಗಿಯರು ಮುಂದೆ ಕೈಗಾಕ್ಕೋ ಕೂಡಂಕುಳಂಗೋ ಹೋದರೆ ಅವರ ಕೈಗೆ ಬರಬಹುದಾದ ಕೆಲಸಗಳಲ್ಲಿ ಗಾಳಿ, ಉಷ್ಣತೆ, ಮಳೆ ಅಳೆಯುವ ಹವಾಮಾನ ಗೋಪುರವನ್ನು ನೋಡಿಕೊಳ್ಳುವುದೂ ಒಂದು. ಟರ್ಬೈನ್, ಬಾಯ್ಲರ್ ಬಗ್ಗೆ ಎಲ್ಲರೂ ಓದಿರುತ್ತಾರೆ, ಈ ಗೋಪುರದ ಬಗ್ಗೆ ಕೇಳಿದರೆ ತಲೆ ಕೆರೆದುಕೊಳ್ಳುತ್ತಾರೆ. ಕೆಲಸದ ಬಹುಪಾಲು ನಮ್ಮೂರಿನ ಉಪಕರಣಗಳ ಮೇಲೇ ಕಲಿಯಬಹುದು. ಬಿಸಿಲು, ದೂಳು, ಹಾರುಬೂದಿ ಇಲ್ಲಿ ಜಾಸ್ತಿ ಇರುವುದರಿಂದ ಉಪಕರಣ ಹೇಗೆ ಕೆಡುತ್ತದೆ ಅನ್ನುವುದು ಬೇಗ ಗೊತ್ತಾಗುತ್ತದೆ.

ಮೊದಲು, ಇದು ಯಾಕೆ ಬೇಕು

ನಾಳೆ ಮಳೆ ಬರುತ್ತಾ ಅಂತ ಹೇಳುವುದಕ್ಕೆ ಈ ಗೋಪುರ ನಿಲ್ಲಿಸಿರುವುದಲ್ಲ. ಅಣು ಸ್ಥಾವರದ ಚಿಮಣಿಯಿಂದ ನಿಗದಿತ ಮಿತಿಯೊಳಗೆ ಸ್ವಲ್ಪ ವಿಕಿರಣಶೀಲ ಅನಿಲ ಹೊರಗೆ ಹೋಗುತ್ತಿರುತ್ತದೆ. ಅದು ಯಾವ ಕಡೆ ಹೋಯಿತು, ಎಷ್ಟು ಹರಡಿ ತೆಳುವಾಯಿತು, ಸುತ್ತಲಿನ ಊರಿನವರಿಗೆ ಎಷ್ಟು ಡೋಸ್, ಅಂದರೆ ವಿಕಿರಣದ ಪ್ರಮಾಣ, ತಲುಪಿರಬಹುದು ಎಂಬ ಲೆಕ್ಕ ಈ ಗೋಪುರದ ಅಂಕಿಗಳ ಮೇಲೆ ನಿಂತಿದೆ. ಏನಾದರೂ ಅವಘಡವಾದರೆ ಇನ್ನೂ ಮುಖ್ಯ. ನಮ್ಮ ದೇಶದಲ್ಲಿ ಸ್ಥಾವರದ ಸುತ್ತ 16 ಕಿಲೋಮೀಟರ್ ವ್ಯಾಪ್ತಿಗೆ ತುರ್ತು ಯೋಜನೆ ಮಾಡಿರುತ್ತಾರೆ, ಆ ವೃತ್ತವನ್ನು ತಲಾ 22.5 ಡಿಗ್ರಿಯ 16 ಹೋಳು ಮಾಡಿರುತ್ತಾರೆ. ಯಾವ ಹೋಳಿನ ಜನರಿಗೆ ಮನೆಯೊಳಗೇ ಇರಿ ಅನ್ನಬೇಕು, ಯಾರನ್ನು ಬೇರೆ ಕಡೆ ಕಳಿಸಬೇಕು ಅನ್ನುವಾಗ ಮೊದಲು ಕೇಳುವುದು ಗಾಳಿಯ ದಿಕ್ಕನ್ನು.

2011ರ ಮಾರ್ಚ್‌ನಲ್ಲಿ ಫುಕುಶಿಮಾದಲ್ಲಿ ಇದನ್ನೇ ನೋಡಿದೆವು. ಮಾರ್ಚ್ 15ರಂದು ಗಾಳಿ ವಾಯವ್ಯದ ಕಡೆ ಬೀಸಿತು, ಅದೇ ಹೊತ್ತಿಗೆ ಮಳೆ, ಹಿಮ ಬಿದ್ದು ವಿಕಿರಣಶೀಲ ಕಣಗಳು ನೆಲಕ್ಕೆ ಇಳಿದವು. ಸ್ಥಾವರದಿಂದ 30 ಕಿಲೋಮೀಟರಿಗಿಂತ ದೂರದ ಇಟಾಟೆ ಹಳ್ಳಿ ಸಿಕ್ಕಿಹಾಕಿಕೊಂಡಿತು, ಅದಕ್ಕಿಂತ ಹತ್ತಿರದ ಕೆಲವು ಊರುಗಳಿಗೆ ಅಷ್ಟು ಪೆಟ್ಟು ಬೀಳಲಿಲ್ಲ. ಅಂದರೆ ಬರೀ ದೂರ ನೋಡಿದರೆ ಸಾಲದು. ಗಾಳಿ ಬೇಕು, ಮಳೆ ಬೇಕು, ಗಾಳಿ ಎಷ್ಟು ಕಲಕುತ್ತಿದೆ ಅನ್ನುವುದೂ ಬೇಕು.

ಇನ್ನೊಂದು ವಿಷಯ ಈಗಲೇ ಹೇಳಿಬಿಡುತ್ತೇನೆ, ಉಳಿದದ್ದೆಲ್ಲ ಅದರ ಮೇಲೇ ಇದೆ. ಪೂರ್ತಿ ಸತ್ತ ಉಪಕರಣದಿಂದ ತೊಂದರೆ ಕಡಿಮೆ. ಪರದೆಯ ಮೇಲೆ ಕೆಂಪು ಗುರುತು ಬರುತ್ತದೆ, ಯಾರಾದರೂ ಫೋನ್ ಮಾಡುತ್ತಾರೆ. ಅರ್ಧ ಕೆಟ್ಟ ಉಪಕರಣ ಮಾತ್ರ ನಂಬುವ ಹಾಗೆ ಸುಳ್ಳು ಹೇಳುತ್ತಿರುತ್ತದೆ. ನಿಮ್ಮ ಕೆಲಸದ ಮುಕ್ಕಾಲು ಪಾಲು ಈ ಸುಳ್ಳನ್ನು ಹಿಡಿಯುವುದು.

ಗೋಪುರದಲ್ಲಿ ಏನೇನಿರುತ್ತದೆ

ಸಾಮಾನ್ಯವಾಗಿ ಎರಡು ಎತ್ತರದಲ್ಲಿ ಸೆನ್ಸರ್ ಇರುತ್ತವೆ, 10 ಮೀಟರ್ ಮತ್ತು 60 ಮೀಟರ್ ಎಂದಿಟ್ಟುಕೊಳ್ಳಿ. ಚಿಮಣಿಯ ಎತ್ತರ ನೋಡಿ ಇನ್ನೂ ಮೇಲೆ ಇಡುವುದುಂಟು. ಗಾಳಿಯ ವೇಗಕ್ಕೆ ತಿರುಗುವ ಕಪ್, ದಿಕ್ಕಿಗೆ ಗಾಳಿ ಬಂದ ಕಡೆ ಮುಖ ತಿರುಗಿಸುವ ವೇನ್, ಉಷ್ಣತೆಗೆ ಫ್ಯಾನ್ ಇರುವ ಕವಚದೊಳಗೆ ಪಿ.ಟಿ. 100 ಸೆನ್ಸರ್, ಬಿಸಿಯಾದಂತೆ ಇದರ ವಿದ್ಯುತ್ ರೋಧ ಏರುತ್ತದೆ. ಕೆಳಗೆ ತೇವಾಂಶ, ಗಾಳಿಯ ಒತ್ತಡ, ಸೌರ ವಿಕಿರಣ, ಮಳೆಮಾಪಕ. ಎಲ್ಲವೂ ಬಂದು ಸೇರುವುದು ಅಂಕಿಗಳನ್ನು ಬರೆದಿಡುವ ಡೇಟಾ ಲಾಗರ್‌ಗೆ. ಕೆಲವು ಕಡೆ ಕಪ್, ವೇನ್ ಬದಲು ಶಬ್ದದಲೆಯಿಂದ ಅಳೆಯುವ ಸಾನಿಕ್ ಇರುತ್ತದೆ. ಅದಕ್ಕೆ ಬೇರಿಂಗ್ ಇಲ್ಲ. ಆದರೆ ತುದಿಗಳ ಮೇಲೆ ಹಕ್ಕಿ ಕೂತರೆ, ಜೇಡ ಬಲೆ ಕಟ್ಟಿದರೆ ಅಳತೆ ಕೆಡುತ್ತದೆ.

ಮೇಲಿನ ಮತ್ತು ಕೆಳಗಿನ ಉಷ್ಣತೆಯ ವ್ಯತ್ಯಾಸ ಇಲ್ಲಿ ಬಹಳ ನಾಜೂಕಿನದು. ಅದರಿಂದಲೇ ಗಾಳಿ ಕಲಕುತ್ತಿದೆಯಾ, ತಟಸ್ಥವಾಗಿದೆಯಾ, ಪದರ ಪದರವಾಗಿ ನಿಂತುಬಿಟ್ಟಿದೆಯಾ ಅನ್ನುವುದನ್ನು ಎ, ಬಿ, ಸಿ ಎಂದು ಜಿವರೆಗೆ ದರ್ಜೆ ಮಾಡುತ್ತಾರೆ. ಮೇಲೆ ಹೋದಂತೆ 100 ಮೀಟರಿಗೆ 0.5ರಿಂದ 1.5 ಡಿಗ್ರಿ ಇಳಿಕೆ ಇದ್ದರೆ ಡಿ, ತಟಸ್ಥ. 1.9ಕ್ಕಿಂತ ಜಾಸ್ತಿ ಇಳಿದರೆ ಎ, ಚೆನ್ನಾಗಿ ಕಲಕುವ ಸ್ಥಿತಿ. ನಮ್ಮ ಎರಡು ಸೆನ್ಸರ್‌ಗಳ ನಡುವೆ ಇರುವುದು 50 ಮೀಟರ್, ಹಾಗಾಗಿ ಈ ಅಂಕಿಗಳನ್ನೂ ಅರ್ಧ ಮಾಡಿಕೊಳ್ಳಿ. ಅರ್ಧ ಡಿಗ್ರಿ ತಪ್ಪಿದರೆ ಡಿ ಇದ್ದದ್ದು ಎ ಆಗಿಬಿಡುತ್ತದೆ! ಅದಕ್ಕೇ ಅಮೆರಿಕದ ಅಣು ನಿಯಂತ್ರಣ ಆಯೋಗದ 1.23 ಮಾರ್ಗಸೂಚಿ ಗಾಳಿಯ ಉಷ್ಣತೆಯಲ್ಲಿ ಅರ್ಧ ಡಿಗ್ರಿ ತಪ್ಪನ್ನು ಒಪ್ಪಿದರೂ ಈ ವ್ಯತ್ಯಾಸದಲ್ಲಿ 0.1 ಡಿಗ್ರಿಗಿಂತ ಜಾಸ್ತಿ ಒಪ್ಪುವುದಿಲ್ಲ. ಗಾಳಿಯ ದಿಕ್ಕಿಗೆ 5 ಡಿಗ್ರಿ, ವೇಗಕ್ಕೆ ಸೆಕೆಂಡಿಗೆ 0.2 ಮೀಟರ್ ಅಥವಾ ಶೇ. 5. ನಮ್ಮಲ್ಲಿ ನಿಯಮ ಹಾಕುವುದು ಅಣುಶಕ್ತಿ ನಿಯಂತ್ರಣ ಮಂಡಳಿ, ದಿನನಿತ್ಯದ ಕೆಲಸಕ್ಕೆ ನಿಮ್ಮ ಸ್ಥಾವರದ ಕಾರ್ಯವಿಧಾನದ ಪುಸ್ತಕವೇ ಕೊನೆಯ ಮಾತು.

ದಿನಾಲೂ: ಕುರ್ಚಿಯಿಂದ ಏಳದೆ ಮಾಡುವ ಕೆಲಸ

ಬೆಳಿಗ್ಗೆ ಬಂದ ತಕ್ಷಣ ಹಿಂದಿನ 24 ಗಂಟೆಯ ಗ್ರಾಫ್ ತೆಗೆಯಿರಿ. ಈಗಿನ ಅಂಕಿ ಒಂದನ್ನೇ ನೋಡಿ ಸರಿ ಇದೆ ಅಂತ ಸಹಿ ಮಾಡುವವರು ಬಹಳ ಜನ, ಅದರಿಂದ ಏನೂ ತಿಳಿಯುವುದಿಲ್ಲ. ಗೆರೆಯ ಆಕಾರ ನೋಡಬೇಕು.

ಒತ್ತಡದ ಗೆರೆಯಿಂದ ಶುರುಮಾಡಿ. ನಮ್ಮಂಥ ಬಿಸಿ ನಾಡಿನಲ್ಲಿ ಗಾಳಿಯ ಒತ್ತಡ ದಿನಕ್ಕೆ ಎರಡು ಸಲ ಏರುತ್ತದೆ, ಬೆಳಿಗ್ಗೆ 10ರ ಸುಮಾರು ಮತ್ತು ರಾತ್ರಿ 10ರ ಸುಮಾರು. ಎರಡು ಸಲ ಇಳಿಯುತ್ತದೆ, ನಸುಕಿನ 4 ಮತ್ತು ಸಂಜೆ 4ಕ್ಕೆ. ಈ ಏರಿಳಿತ ಕಾಣದೆ ಗೆರೆ ಸಪಾಟಾಗಿದ್ದರೆ ಒತ್ತಡಮಾಪಕ ಸಿಕ್ಕಿಕೊಂಡಿದೆ, ಇಲ್ಲವೇ ಅದರ ಉಸಿರಾಟದ ರಂಧ್ರದಲ್ಲಿ ಬೂದಿ ಕೂತಿದೆ. ಹಾಗೇ, ರಾಯಚೂರು ಸಮುದ್ರಮಟ್ಟದಿಂದ ಸುಮಾರು 400 ಮೀಟರ್ ಮೇಲಿದೆ. ಇಲ್ಲಿನ ನಿಜವಾದ ಒತ್ತಡ ಸಮುದ್ರಮಟ್ಟಕ್ಕಿಂತ ಸುಮಾರು 45 ಹೆಕ್ಟೋಪ್ಯಾಸ್ಕಲ್ ಕಡಿಮೆ ಇರುತ್ತದೆ. ಹವಾಮಾನ ಇಲಾಖೆಯ ನಕ್ಷೆಯಲ್ಲಿರುವುದು ಸಮುದ್ರಮಟ್ಟಕ್ಕೆ ಇಳಿಸಿದ ಅಂಕಿ. ಎರಡನ್ನೂ ಹೋಲಿಸಿ ಸುಮ್ನೆ ಗಾಬರಿಯಾಗಬೇಡಿ.

ಸೌರ ವಿಕಿರಣ ರಾತ್ರಿ ಸೊನ್ನೆಯ ಹತ್ತಿರ ಇರಬೇಕು, ಸ್ವಲ್ಪ ಮೈನಸ್ ಬಂದರೂ ಪರವಾಗಿಲ್ಲ. ಗಾಳಿಯ ವೇಗ ರಾತ್ರಿ ಹೊತ್ತು 60 ಮೀಟರಿನಲ್ಲಿ 10 ಮೀಟರಿಗಿಂತ ಜಾಸ್ತಿ ಇರುವುದು ವಾಡಿಕೆ. ಗಂಟೆಗಟ್ಟಲೆ ಉಲ್ಟಾ ಇದ್ದರೆ ಮೇಲಿನ ಕಪ್ಪಿನ ಬೇರಿಂಗ್ ಮೇಲೆ ಅನುಮಾನ ಪಡಿ. ಉಷ್ಣತೆಯ ವ್ಯತ್ಯಾಸ ರಾತ್ರಿ ಸರಿಯಾಗಿದ್ದು ಬಿಸಿಲೇರಿದಂತೆ ಮಾತ್ರ ಹುಚ್ಚಾಪಟ್ಟೆ ಆಗುತ್ತಿದ್ದರೆ ಒಂದು ಕವಚದ ಫ್ಯಾನ್ ನಿಂತಿದೆ ಅಂತ ಅರ್ಥ. ಕೆಳಗಿನ ಫ್ಯಾನ್ ನಿಂತರೆ ಕೆಳಗಿನ ಸೆನ್ಸರ್ ಕಾಯುತ್ತದೆ, ಲೆಕ್ಕಕ್ಕೆ ವಾತಾವರಣ ಚೆನ್ನಾಗಿ ಕಲಕುತ್ತಿದೆ ಎಂದು ಕಾಣುತ್ತದೆ, ನಿಜದಲ್ಲಿ ಹಾಗಿರುವುದಿಲ್ಲ.

ಲಾಗರ್‌ನ ಗಡಿಯಾರವನ್ನೂ ನೋಡಿ. ಹವಾಮಾನ ಇಲಾಖೆಯ ಮಳೆಯ ದಿನ ಬೆಳಿಗ್ಗೆ 8:30ಕ್ಕೆ ಮುಗಿಯುತ್ತದೆ. ಜಾಗತಿಕ ಸಮಯದಲ್ಲಿ ಅದು 3 ಗಂಟೆ. ಲಾಗರ್ ಜಾಗತಿಕ ಸಮಯದಲ್ಲಿದ್ದು ನೀವು ಭಾರತೀಯ ಸಮಯ ಅಂದುಕೊಂಡರೆ ಐದೂವರೆ ಗಂಟೆಯ ಗಾಳಿ ಯಾವುದೋ ಹೊತ್ತಿನ ಲೆಕ್ಕಕ್ಕೆ ಹೋಗುತ್ತದೆ.

ವಾರಕ್ಕೊಮ್ಮೆ: ನೆಲದ ಮೇಲಿನ ಸುತ್ತು

ಇಲ್ಲಿ ಒಂದೇ ನಿಯಮ, ಯಾವುದನ್ನೂ ಮುಟ್ಟುವ ಮೊದಲು ಅದು ತೋರಿಸುತ್ತಿರುವ ಅಂಕಿಯನ್ನು ಲಾಗ್ ಬುಕ್‌ನಲ್ಲಿ ಬರೆಯಿರಿ. ನಮ್ಮ ಕಡೆಯ ಹಿರಿಯ ಫೋರ್‌ಮನ್ ಒಬ್ಬರು ಕೈಯಲ್ಲಿ ಬಟ್ಟೆ ಹಿಡಿದ ಹುಡುಗರನ್ನು ಕಂಡರೆ ದೂರದಿಂದಲೇ ಕೂಗುತ್ತಿದ್ದರು, "ಏ ತಮ್ಮಾ, ಒರಸಬ್ಯಾಡ, ಮೊದಲ ಬರಕೋ!" ಅವರು ಹೇಳಿದ್ದರಲ್ಲಿ ತೂಕ ಇತ್ತು. ಒರೆಸಿದ ಮೇಲೆ ಸರಿಯಾದ ಅಂಕಿ ಬಂತು, ಒಳ್ಳೆಯದು. ಆದರೆ ಒರೆಸುವ ಮೊದಲು ಎಷ್ಟು ತಪ್ಪಿತ್ತು ಅನ್ನುವುದು ಗೊತ್ತಿಲ್ಲದಿದ್ದರೆ ಹಿಂದಿನ ತಿಂಗಳುಗಳ ಡೇಟಾವನ್ನು ನಂಬಬೇಕೋ ಬಿಡಬೇಕೋ ಹೇಳಲಾಗುವುದಿಲ್ಲ. ಡೋಸ್ ಲೆಕ್ಕ ಮಾಡುವವರು ವರ್ಷದ ಕೊನೆಗೆ ಕೇಳುವುದು ಇದನ್ನೇ. ಮುಟ್ಟುವ ಮೊದಲಿನ ಅಂಕಿ, ಬಿಟ್ಟಾಗಿನ ಅಂಕಿ, ಎರಡೂ ಇರಲಿ.

ಬರೆದಾಯಿತಾ? ಈಗ ಸೌರ ವಿಕಿರಣದ ಗಾಜಿನ ಗುಮ್ಮಟವನ್ನು ಡಿಸ್ಟಿಲ್ಡ್ ವಾಟರ್, ಮೆತ್ತನೆ ಬಟ್ಟೆಯಿಂದ ಒರೆಸಿ. ಬೋರ್‌ವೆಲ್ ನೀರು ಬೇಡ, ನಮ್ಮ ಕಡೆಯ ಗಡಸು ನೀರು ಆರಿದ ಮೇಲೆ ಬಿಳಿ ಕಲೆ ಬಿಡುತ್ತದೆ. ಒಳಗಿನ ಸಿಲಿಕಾ ಜೆಲ್ ನೀಲಿಯಿಂದ ಗುಲಾಬಿಗೆ ತಿರುಗಿದ್ದರೆ ಬದಲಿಸಿ. ಸಂಡೂರು, ಹೊಸಪೇಟೆ ಕಡೆಯವರಿಗೆ ಅದಿರಿನ ಕೆಂಪು ದೂಳು ಗುಮ್ಮಟಕ್ಕೆ ಅಂಟುವುದು ಗೊತ್ತೇ ಇದೆ, ವಾರಕ್ಕೊಮ್ಮೆ ಸಾಲದು. ಕೈಗಾದಲ್ಲಿ ದೂಳು ಕಡಿಮೆ, ಬದಲಿಗೆ ಪಾಚಿ, ಇರುವೆ ಮತ್ತು ಬೆಳೆಯುವ ಮರಗಳು. ಮಾಪಕದಿಂದ ಮರ ಅಥವಾ ಕಟ್ಟಡ ಅದರ ಎತ್ತರದ ಹತ್ತು ಪಟ್ಟು ದೂರ ಇರಬೇಕು ಅನ್ನುವುದು ಗಾಳಿ ಅಳೆಯುವವರ ಹಳೆಯ ನಿಯಮ. ಘಟ್ಟದ ಕಾಡಿನಲ್ಲಿ ಅದನ್ನು ಪಾಲಿಸಬೇಕಾದರೆ ಪ್ರತಿ ಮಳೆಗಾಲದ ನಂತರ ಕೊಂಬೆ ಸವರಲೇಬೇಕು.

ಮಳೆಮಾಪಕದ ಬಾಯಿಗೆ ಕಣ್ಣು ಹಾಕಿ. ಬೇಸಿಗೆಯಲ್ಲಿ ಕಣಜಗಳು ಗೂಡು ಕಟ್ಟುತ್ತವೆ, ದೂಳು ಜರಡಿಯ ಮೇಲೆ ಕೂತು ಮೊದಲ ಮಳೆಗೆ ಕೆಸರಾಗುತ್ತದೆ. ಆಮೇಲೆ ಬಂದ ಜೋರು ಮಳೆಯೂ ಗಂಟೆಗಟ್ಟಲೆ ಹನಿಹನಿಯಾಗಿ ಇಳಿದು ಸಣ್ಣ ಮಳೆಯಂತೆ ದಾಖಲಾಗುತ್ತದೆ. ಇದನ್ನು ಪಕ್ಕದ ಗ್ರಾಮ ಪಂಚಾಯಿತಿಯ ಮಳೆಮಾಪಕದ ಜೊತೆ ಹೋಲಿಸಿ ಹಿಡಿಯಬಹುದು. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಪಂಚಾಯಿತಿ ಮಟ್ಟದಲ್ಲೇ ದೂರಸಂವೇದಿ ಮಳೆಮಾಪಕ ಇಟ್ಟಿದೆ. ಗುಡುಗು ಮಳೆ ಒಂದೂರಿಗೆ ಬಿದ್ದು ಪಕ್ಕದೂರಿಗೆ ಬೀಳದಿರುವುದು ಇಲ್ಲಿ ಮಾಮೂಲಿ, ಹಾಗಾಗಿ ಒಂದು ದಿನದ್ದನ್ನು ಹಿಡಿದು ಜಗಳವಾಡಬೇಡಿ, ತಿಂಗಳ ಮೊತ್ತ ನೋಡಿ.

ಆರು ತಿಂಗಳಿಗೊಮ್ಮೆ: ಗೋಪುರ ಹತ್ತುವುದು, ಕ್ಯಾಲಿಬ್ರೇಶನ್

ಪರ್ಮಿಟ್ ಇಲ್ಲದೆ ಒಂದು ಮೆಟ್ಟಿಲೂ ಹತ್ತಬೇಡಿ. ಫುಲ್ ಬಾಡಿ ಹಾರ್ನೆಸ್, ಎರಡು ಕೊಕ್ಕೆ, ಒಂದು ಬಿಚ್ಚುವಾಗ ಇನ್ನೊಂದು ಸಿಕ್ಕಿರಲೇಬೇಕು. ಕೆಳಗೆ ಒಬ್ಬರು, ಕೈಯಲ್ಲಿ ವಾಕಿಟಾಕಿ. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ಕಡೆ ಮಧ್ಯಾಹ್ನದ ಮೇಲೆ ಮೋಡ ಕಟ್ಟಿ ಸಿಡಿಲು ಬರುವುದು ಸಾಮಾನ್ಯ, ಆದ್ದರಿಂದ ಬೆಳಿಗ್ಗೆಯೇ ಹತ್ತಿ ಮುಗಿಸಿ. ಬಿಸಿಲಿಗೆ ಕಬ್ಬಿಣ ಕೈ ಸುಡುವುದೂ ತಪ್ಪುತ್ತದೆ. ಕಂಟ್ರೋಲ್ ರೂಮಿಗೆ ಮೊದಲೇ ತಿಳಿಸಿ, ನೀವು ವೇನ್ ತಿರುಗಿಸುತ್ತಿರುವಾಗ ಬರುವ ಅಂಕಿ ದಾಖಲೆಗೆ ಸೇರದ ಹಾಗೆ ಗುರುತು ಹಾಕಿಸಿ. ಎರಡೂ ಎತ್ತರದ ಸೆನ್ಸರ್‌ಗಳನ್ನು ಒಂದೇ ಹೊತ್ತಿಗೆ ಬಿಚ್ಚಬೇಡಿ. ಮೇಲೆ ಕೂತು ರಿಪೇರಿ ಮಾಡುವ ಸಾಹಸವೂ ಬೇಡ. ಕ್ಯಾಲಿಬ್ರೇಶನ್ ಆದ ಬದಲಿ ಸೆನ್ಸರ್ ಹಾಕಿ, ಹಳೆಯದನ್ನು ಕೆಳಗೆ ತನ್ನಿ.

ಕಪ್: ಬೆರಳಿನಿಂದ ಮೆಲ್ಲಗೆ ತಿರುಗಿಸಿ ಬಿಡಿ. ಸದ್ದಿಲ್ಲದೆ ನಿಧಾನಕ್ಕೆ ನಿಲ್ಲಬೇಕು. ಎಣ್ಣೆ ಕಾಣದ ಬಂಡಿಯ ಅಚ್ಚಿನ ಹಾಗೆ ಕಿರುಗುಟ್ಟಿದರೆ ಬೇರಿಂಗಿಗೆ ಬೂದಿ ಹೋಗಿದೆ. ಆಗ ಎಣ್ಣೆ ಹಾಕುವ ಆಸೆಯಾಗುತ್ತದೆ, ಹಾಕಬೇಡಿ, ಎಣ್ಣೆಗೆ ಇನ್ನಷ್ಟು ದೂಳು ಅಂಟುತ್ತದೆ. ಬೇರಿಂಗ್ ಬದಲಿಸಿ. ಅದಕ್ಕಿಂತ ಮುಂಚೆ ತಯಾರಕರು ಕೊಡುವ ಟಾರ್ಕ್ ಡಿಸ್ಕಿನಿಂದ ಎಷ್ಟು ಬಲಕ್ಕೆ ಕಪ್ ಹೊರಡುತ್ತದೆ ಅಂತ ಅಳೆದು ಬರೆಯಿರಿ. ಬಿಗಿಯಾದ ಬೇರಿಂಗ್ ಜೋರು ಗಾಳಿಯಲ್ಲಿ ಸರಿಯಾದ ಅಂಕಿಯನ್ನೇ ತೋರಿಸುತ್ತದೆ, ಆಷಾಢದ ಗಾಳಿಯಲ್ಲಿ ಯಾರಿಗೂ ಗೊತ್ತಾಗುವುದಿಲ್ಲ. ಚಳಿಗಾಲದ ರಾತ್ರಿ ಸೆಕೆಂಡಿಗೆ ಅರ್ಧ ಮೀಟರ್ ಗಾಳಿ ಇದ್ದಾಗ ಮಾತ್ರ ಸೊನ್ನೆ ತೋರಿಸುತ್ತದೆ, ಅನಿಲ ಹರಡದೆ ನಿಲ್ಲುವ ಅಪಾಯದ ಹೊತ್ತು ಅದೇ. ಹೋದ ವರ್ಷದ ಡಿಸೆಂಬರಿನಲ್ಲಿ ಎಷ್ಟು ಗಂಟೆ ಗಾಳಿ ಇಲ್ಲ ಅಂತ ಬಂದಿತ್ತು, ಈ ವರ್ಷ ಎಷ್ಟು, ಹೋಲಿಸಿ ನೋಡಿ. ದಿಢೀರ್ ಏರಿದ್ದರೆ ಹವಾಮಾನಕ್ಕಿಂತ ಮೊದಲು ಬೇರಿಂಗನ್ನು ಅನುಮಾನಿಸಿ.

ವೇನ್: ಇದರ ಉತ್ತರ ನಿಜವಾದ ಉತ್ತರವೇ ಆಗಿರಬೇಕು. ದಿಕ್ಸೂಚಿಯನ್ನು ಗೋಪುರದ ಬುಡದಲ್ಲಿ ಹಿಡಿದರೆ ಅದು ಉಕ್ಕಿನ ಕಡೆ ವಾಲುತ್ತದೆ, ದೂರ ಹೋಗಿ ನಿಂತು ನೋಡಿ. ನಮ್ಮ ಭಾಗದಲ್ಲಿ ಕಾಂತೀಯ ಉತ್ತರಕ್ಕೂ ನಿಜವಾದ ಉತ್ತರಕ್ಕೂ ಒಂದು ಡಿಗ್ರಿಯ ಆಸುಪಾಸು ವ್ಯತ್ಯಾಸ ಅಷ್ಟೇ. ನನಗೆ ಹಿಡಿಸಿದ ವಿಧಾನ ಬೇರೆ, ನೆರಳಿನದು. ಒಂದು ತೂಗುಗುಂಡಿನ ದಾರ ಇಳಿಬಿಟ್ಟು ಸೂರ್ಯ ನಡುನೆತ್ತಿಗೆ ಬಂದಾಗ ಅದರ ನೆರಳಿಗೆ ಗೆರೆ ಎಳೆಯುವುದು. ರಾಯಚೂರು ಇರುವುದು 77.35 ಡಿಗ್ರಿ ರೇಖಾಂಶದಲ್ಲಿ, ನಮ್ಮ ಗಡಿಯಾರ ನಡೆಯುವುದು 82.5ರ ಲೆಕ್ಕಕ್ಕೆ. ಹಾಗಾಗಿ ಇಲ್ಲಿ ನಿಜವಾದ ನಡುಹಗಲು 12ಕ್ಕೆ ಆಗುವುದಿಲ್ಲ, ಸರಾಸರಿ 12:20ರ ಸುಮಾರಿಗೆ ಆಗುತ್ತದೆ. ಋತು ನೋಡಿ ಕಾಲು ಗಂಟೆ ಹಿಂದೆ ಮುಂದೆ, ಆ ದಿನದ ಸಮಯವನ್ನು ಪಂಚಾಂಗದ ಸೂರ್ಯೋದಯ, ಸೂರ್ಯಾಸ್ತಗಳ ನಡುಮಧ್ಯ ತೆಗೆದು ಲೆಕ್ಕ ಹಾಕಿ. ಒಂದು ಎಚ್ಚರಿಕೆ: ಮೇ ಮೊದಲ ವಾರದಿಂದ ಆಗಸ್ಟ್ ಆರಂಭದವರೆಗೆ ಸೂರ್ಯ ನಮ್ಮ ನೆತ್ತಿಯಿಂದ ಉತ್ತರಕ್ಕಿರುತ್ತಾನೆ, ನೆರಳು ದಕ್ಷಿಣಕ್ಕೆ ಬೀಳುತ್ತದೆ. ಆ ತಿಂಗಳುಗಳಲ್ಲಿ ನೆರಳು ಗಿಡ್ಡ ಕೂಡ, ಡಿಸೆಂಬರ್ ಜನವರಿಯಲ್ಲಿ ಮಾಡುವುದು ವಾಸಿ.

ದೂರದ ಗುರುತೊಂದನ್ನು, ನೀರಿನ ಟ್ಯಾಂಕೋ ಗುಡ್ಡದ ತುದಿಯೋ, ಅದರ ಡಿಗ್ರಿ ಅಳೆದು ಬರೆದಿಟ್ಟರೆ ಮುಂದಿನ ಸಲ ವೇನನ್ನು ಅದರ ಕಡೆ ತಿರುಗಿಸಿ ಸರಿ ನೋಡಬಹುದು. ವೇನ್ ಬಿಗಿಯಾಗಿದ್ದರೆ ಅದು ಅತ್ತಿತ್ತ ಅಲ್ಲಾಡುವುದು ಕಡಿಮೆಯಾಗುತ್ತದೆ. ಆ ಅಲ್ಲಾಟದಿಂದಲೂ ಗಾಳಿಯ ಕಲಕುವಿಕೆ ಲೆಕ್ಕ ಹಾಕುವುದರಿಂದ ದಿಕ್ಕು ಸರಿ ಇದ್ದರೂ ದರ್ಜೆ ತಪ್ಪುತ್ತದೆ. ಲಾಗರ್‌ನ ಪ್ರೋಗ್ರಾಂ ಸರಾಸರಿಯನ್ನು ಹೇಗೆ ತೆಗೆಯುತ್ತದೆ ಅನ್ನುವುದನ್ನೂ ಪರೀಕ್ಷಿಸಿ. 350 ಮತ್ತು 10 ಡಿಗ್ರಿಗಳ ಸರಾಸರಿ ಉತ್ತರ. ಸುಮ್ನೆ ಕೂಡಿಸಿ ಭಾಗಿಸಿದರೆ 180, ಅಂದರೆ ದಕ್ಷಿಣ! ಜನರನ್ನು ಪೂರ್ತಿ ಉಲ್ಟಾ ದಿಕ್ಕಿಗೆ ಓಡಿಸಿದಂತೆ.

ಉಷ್ಣತೆ: ಪಿ.ಟಿ. 100 ಸೊನ್ನೆ ಡಿಗ್ರಿಯಲ್ಲಿ 100 ಓಮ್, ಪ್ರತಿ ಡಿಗ್ರಿಗೆ ಸುಮಾರು 0.385 ಓಮ್ ಏರುತ್ತದೆ. ನಮಗೆ ಬೇಕಾದ 0.1 ಡಿಗ್ರಿ ಅಂದರೆ 0.04 ಓಮ್ ಮಾತ್ರ. ಜಂಕ್ಷನ್ ಬಾಕ್ಸಿನ ಒಂದು ತುಕ್ಕು ಹಿಡಿದ ಸ್ಕ್ರೂ ಇದಕ್ಕಿಂತ ಜಾಸ್ತಿ ತಪ್ಪು ತರುತ್ತದೆ, ಅದಕ್ಕೇ ನಾಲ್ಕು ತಂತಿಯ ಜೋಡಣೆಯೇ ಬೇಕು. ಪರೀಕ್ಷೆ ಸುಲಭ. ದೊಡ್ಡ ಥರ್ಮಾಸಿನಲ್ಲಿ ಪುಡಿ ಮಾಡಿದ ಮಂಜುಗಡ್ಡೆ ಮತ್ತು ಡಿಸ್ಟಿಲ್ಡ್ ವಾಟರ್ ಹಾಕಿ ಬದಲಿ ಹಾಕಿ ಒಂದಾದ ಮೇಲೊಂದು ಬಿಚ್ಚಿ ತಂದ ಮೇಲಿನದು, ಕೆಳಗಿನದು ಎರಡೂ ಸೆನ್ಸರ್‌ಗಳನ್ನು ಒಟ್ಟಿಗೆ ಮುಳುಗಿಸಿ, ಕಲಕುತ್ತಾ ಅಂಕಿ ನಿಲ್ಲುವ ತನಕ ಕಾಯಿರಿ. ವ್ಯತ್ಯಾಸ ಸೊನ್ನೆ ಬರಬೇಕು. ಆಮೇಲೆ 40 ಡಿಗ್ರಿಯ ಬೆಚ್ಚಗಿನ ನೀರಿನಲ್ಲಿ ಇದೇ ಕೆಲಸ, ಯಾಕೆಂದರೆ ನಮ್ಮ ಬೇಸಿಗೆ ಇರುವುದೇ ಅಲ್ಲಿ. ಬೇರೆ ಬೇರೆ ಪಾತ್ರೆಯಲ್ಲಿ ಮಾಡಿದರೆ ನೀವು ಪಾತ್ರೆಗಳ ವ್ಯತ್ಯಾಸ ಅಳೆಯುತ್ತೀರಿ.

ತೇವಾಂಶಕ್ಕೆ ಉಪ್ಪಿನ ಪರೀಕ್ಷೆ. ಮುಚ್ಚಿದ ಡಬ್ಬಿಯಲ್ಲಿ ಇನ್ನು ಕರಗದಷ್ಟು ಉಪ್ಪು ಹಾಕಿದ ನೀರಿನ ಮೇಲಿನ ಗಾಳಿ ಸುಮಾರು ಶೇ. 75 ತೋರಿಸುತ್ತದೆ. ಸೆನ್ಸರ್ ದ್ರಾವಣಕ್ಕೆ ತಾಗಬಾರದು.

ಮಳೆಮಾಪಕ: ಒಳಗಿನ ಪುಟ್ಟ ಬಕೆಟ್ ತುಂಬಿದಾಗಲೆಲ್ಲ ಮಗುಚುತ್ತದೆ, ಆ ಮಗುಚುಗಳ ಎಣಿಕೆಯೇ ಮಳೆಯ ಲೆಕ್ಕ. ಬಾಯಿಯ ಅಗಲ 200 ಮಿಲಿಮೀಟರ್, ಒಂದು ಮಗುಚಿಗೆ 0.2 ಮಿಲಿಮೀಟರ್ ಮಳೆ ಎಂದಾದರೆ ಪ್ರತಿ ಮಗುಚಿಗೆ 6.28 ಮಿಲಿಲೀಟರ್ ನೀರು. ಅರ್ಧ ಲೀಟರ್ ಅಳೆದು ಸುಮಾರು ಮುಕ್ಕಾಲು ಗಂಟೆಯಲ್ಲಿ ಹನಿಹನಿಯಾಗಿ ಇಳಿಸಿ, 80ರ ಹತ್ತಿರ ಮಗುಚಬೇಕು. ಒಮ್ಮೆಲೇ ಸುರಿದರೆ ಬಕೆಟ್ ಮಗುಚುವಷ್ಟರಲ್ಲಿ ನೀರು ಜಾರಿ ಎಣಿಕೆ ಕಡಿಮೆ ಬರುತ್ತದೆ, ಆಮೇಲೆ ಇಲ್ಲದ ತಪ್ಪನ್ನು ತಿದ್ದಲು ಹೊರಡುತ್ತೀರಿ. ಈ ಪರೀಕ್ಷೆಯ ಮಳೆಯನ್ನು ದಾಖಲೆಯಿಂದ ತೆಗೆಸಲು ಮರೆಯಬೇಡಿ.

ನೆಲ, ಸ್ಟೇ ವೈರ್, ಅರ್ಥಿಂಗ್

ಎರೆ ಭೂಮಿಯವರಿಗೆ ಇದು ಸ್ವಲ್ಪ ಹೆಚ್ಚಿನ ಕೆಲಸ. ಮಳೆಗಾಲದಲ್ಲಿ ಉಬ್ಬುವ, ಬೇಸಿಗೆಯಲ್ಲಿ ಕೈ ಇಳಿಯುವಷ್ಟು ಬಿರುಕು ಬಿಡುವ ಈ ಮಣ್ಣಿನಲ್ಲಿ ಗೋಪುರವನ್ನು ಎಳೆದು ಹಿಡಿಯುವ ಸ್ಟೇ ವೈರ್‌ಗಳ ಅಡಿಪಾಯ ಅಲುಗಿ ಬಿಗುವು ಬದಲಾಗುತ್ತದೆ. ವರ್ಷಕ್ಕೊಮ್ಮೆ ಬಿಗುವು ಅಳೆಯಿರಿ, ಗೋಪುರ ನೆಟ್ಟಗಿದೆಯಾ ಅಂತ ಥಿಯೊಡೊಲೈಟ್‌ನಲ್ಲಿ ಎರಡು ದಿಕ್ಕಿನಿಂದ ನೋಡಿ. ಬೇಸಿಗೆಯ ಕೊನೆಗೊಮ್ಮೆ, ಮಳೆಗಾಲದ ಕೊನೆಗೊಮ್ಮೆ ಮಾಡಿದರೆ ಇನ್ನೂ ಒಳ್ಳೆಯದು. ಬಿರುಕುಬಿಟ್ಟ ಒಣ ಮಣ್ಣಿನಲ್ಲಿ ಅರ್ಥಿಂಗ್ ರೋಧವೂ ಏರುತ್ತದೆ, ಸಿಡಿಲಿನ ಕಾಲವೂ ಅದೇ. ಮಾರ್ಚ್‌ನಲ್ಲೇ ಅರ್ಥ್ ಪಿಟ್‌ಗೆ ನೀರು ಹಾಕಿಸಿ, ರೋಧ ಅಳೆದು, ಸರ್ಜ್ ಅರೆಸ್ಟರ್ ನೋಡಿ. ಸಿಡಿಲು ಹತ್ತಿರದಲ್ಲಿ ಬಿದ್ದ ದಿನ ಎಲ್ಲ ಸೆನ್ಸರ್‌ಗಳನ್ನೂ ಒಮ್ಮೆ ಪರೀಕ್ಷಿಸಿ, ಎಲ್ಲವೂ ನಡೆಯುತ್ತಿರುವಂತೆ ಕಂಡರೂ.

ಯುಪಿಎಸ್ ಬ್ಯಾಟರಿ ನೆರಳಲ್ಲಿರಲಿ. 40 ಡಿಗ್ರಿ ದಾಟುವ ಊರಿನಲ್ಲಿ ತಗಡಿನ ಡಬ್ಬಿಯೊಳಗಿನ ಬ್ಯಾಟರಿ ಪುಸ್ತಕದಲ್ಲಿ ಹೇಳಿದಷ್ಟು ವರ್ಷ ಬಾಳುವುದಿಲ್ಲ.

ಕಳೆದ ಗಂಟೆಗಳ ಲೆಕ್ಕ

1.23 ಮಾರ್ಗಸೂಚಿ ವರ್ಷದಲ್ಲಿ ಶೇ. 90ರಷ್ಟು ಒಳ್ಳೆಯ ಡೇಟಾ ಕೇಳುತ್ತದೆ. 8,760 ಗಂಟೆಗಳಲ್ಲಿ 876 ಗಂಟೆ ಬಿಟ್ಟುಹೋಗಬಹುದು. ಕೇಳಲು ಧಾರಾಳ ಅನಿಸುತ್ತದೆ, ಅಲ್ವಾ? ಆದರೆ ವೇಗ, ದಿಕ್ಕು, ದರ್ಜೆ ಮೂರೂ ಒಂದೇ ಗಂಟೆಯಲ್ಲಿ ಸರಿ ಇದ್ದರೆ ಮಾತ್ರ ಆ ಗಂಟೆ ಲೆಕ್ಕಕ್ಕೆ. ಒಂದು ಫ್ಯಾನ್ ತಿಂಗಳು ನಿಂತು ಯಾರೂ ನೋಡದಿದ್ದರೆ 720 ಗಂಟೆ ಅಲ್ಲೇ ಹೋಯಿತು.

ಅದಕ್ಕೇ ಬದಲಿ ಸೆನ್ಸರ್ ಕಪಾಟಿನಲ್ಲಿರಬೇಕು, ಕ್ಯಾಲಿಬ್ರೇಶನ್ ದಿನಾಂಕದ ಚೀಟಿ ಅಂಟಿಸಿರಬೇಕು. ಲ್ಯಾಬಿಗೆ ಕಳಿಸುವಾಗ ಕಪ್ ಚಕ್ರವನ್ನು ಬಿಚ್ಚಿ ಬೇರೆ ಡಬ್ಬಿಯಲ್ಲಿಡಿ, ಬಸ್ಸಿನ ಲಗೇಜಿನಲ್ಲಿ ಹಾಕಿ ಕಳಿಸಿದರೆ ನಮ್ಮ ರಸ್ತೆಗಳಿಗೆ ಅಚ್ಚು ಬಾಗುತ್ತದೆ. ವಾಪಸ್ ಬಂದದ್ದನ್ನು ನೇರ ಗೋಪುರಕ್ಕೆ ಏರಿಸಬೇಡಿ. ಮೊದಲು ಮೇಜಿನ ಮೇಲೆ ಅದೇ ಮಾದರಿಯ ಲಾಗರ್‌ಗೆ ಜೋಡಿಸಿ, ಸರ್ಟಿಫಿಕೇಟಿನಲ್ಲಿರುವ ಗುಣಾಂಕವನ್ನು, ಅಂದರೆ ಸೆನ್ಸರಿನ ಸಂಕೇತವನ್ನು ಅಳತೆಗೆ ಬದಲಿಸುವ ಅಂಕಿಯನ್ನು, ಪ್ರೋಗ್ರಾಮಿಗೆ ಹಾಕಿ, ಒಂದು ರಾತ್ರಿ ನಡೆಸಿ ನೋಡಿ. ಹೊಸ ಸೆನ್ಸರ್ ಹಾಕಿ ಹಳೆಯ ಗುಣಾಂಕವನ್ನೇ ಬಿಟ್ಟರೆ ಅಂಕಿ ಸರಿಯಾಗಿರುವಂತೆಯೇ ಕಾಣುತ್ತದೆ. ಹಾಗಾಗಿ ಗುಣಾಂಕ ಬದಲಿಸಿದ ದಿನ, ಸಮಯ, ಬದಲಿಸಿದವರ ಸಹಿ ಲಾಗ್ ಬುಕ್‌ನಲ್ಲಿ ಇರಲಿ, ಇನ್ನೊಬ್ಬರು ನೋಡಿ ಸಹಿ ಮಾಡಲಿ.